ಗಂಗಾಮಣಿಯ ಹಲಸಿನ ವೈನು

ಗಂಗಾಮಣಿಗೆ ವೈನು ಹಿಡಿಸಿದ್ದು ನಲವತ್ತು ದಾಟಿದ ಮೇಲೆ, ಅದೂ ಸ್ಟೀಲ್ ಲೋಟದಲ್ಲಿ. ದೋಣಿಗಲ್ ಹತ್ತಿರದ ಒಂದು ಹೋಮ್‌ಸ್ಟೇಯ ಅಡುಗೆಮನೆಯಲ್ಲಿ, ಪಾತ್ರೆ ತೊಳೆದು ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ. ಅದಕ್ಕೆ ಮುಂಚೆ ಅವಳು ಯಾವ ಚಟವನ್ನೂ ಹತ್ತಿರ ಬಿಟ್ಟುಕೊಂಡವಳಲ್ಲ. ಎಲೆಅಡಿಕೆಯೂ ಅಷ್ಟೆ, ಮದುವೆಮನೆಯಲ್ಲಿ ಯಾರಾದರೂ ಬಲವಂತ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಥವಳನ್ನು ಒಂದು ಲೋಟದ ತಳದಲ್ಲಿದ್ದ ಕೆಂಪು ನೀರು ಕೆಡವಿಹಾಕಿತು ಎಂದರೆ ಅವಳ ಊರಿನಲ್ಲಿ ಆಗ ಯಾರೂ ನಂಬುತ್ತಿರಲಿಲ್ಲ. ಈಗ ನಂಬದೆ ವಿಧಿಯಿಲ್ಲ.

ಊರು ಬೈರನಕೊಪ್ಪಲು. ಬಾಳ್ಳುಪೇಟೆಯಲ್ಲಿ ಬಸ್ಸಿಳಿದು ಒಳಕ್ಕೆ ಹೋಗಬೇಕು. ಮನೆಗೆ ಒಂದೋ ಎರಡೋ ಎಕರೆ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು, ಬೇಲಿಗೊಂದು ಹಲಸು. ಗುಡ್ಡ ಹತ್ತಿ ಆಚೆ ಇಳಿದರೆ ದೊಡ್ಡ ಎಸ್ಟೇಟ್ ಸಿಗುತ್ತದೆ; ಕೊಪ್ಪಲಿನ ಹೆಂಗಸರಲ್ಲಿ ಹೆಚ್ಚಿನವರು ಅಲ್ಲಿಗೇ ಕೆಲಸಕ್ಕೆ ಹೋಗುವುದು. ಕೆಳಗೆ ಹಳ್ಳದ ಬದಿಯಿಂದ ಸುತ್ತಿ ಹೋಗುವ ಇನ್ನೊಂದು ದಾರಿಯೂ ಉಂಟು. ಆ ಗುಡ್ಡದ ದಾರಿ ಶುರುವಾಗುವ ಕಡೆ ಇರುವ ಕೊನೆಯ ಮನೆ ಗಂಗಾಮಣಿಯದು. ಗಂಡ ದೇವೇಂದ್ರ ಅರಣ್ಯ ಇಲಾಖೆಯ ಆನೆ ಕಾವಲು ತಂಡದಲ್ಲಿ ದಿನಗೂಲಿ ವಾಚರ್. ಆನೆ ಯಾವ ತೋಟದಲ್ಲಿ ನಿಂತಿದೆ, ಎತ್ತ ಹೊರಟಿದೆ ಎಂದು ನೋಡಿ ಜನರಿಗೆ ತಿಳಿಸುವುದು ಅವನ ಕೆಲಸ. ಈ ಕಡೆಯವರು ಬೆಳಗ್ಗೆ ಎದ್ದು ದೇವರಿಗೆ ಕೈ ಮುಗಿಯುತ್ತಾರೋ ಇಲ್ಲವೋ, ಫೋನು ತೆಗೆದು ಆನೆ ಎಲ್ಲಿದೆ ಎಂದು ಮೊದಲು ನೋಡುತ್ತಾರೆ. ದೇವೇಂದ್ರ ಹೇಳಿದರೆ ಹೊಸ್ತಿಲು ದಾಟುತ್ತಾರೆ, ಬೇಡ ಎಂದರೆ ಒಳಗೇ ಕೂರುತ್ತಾರೆ. ಮಕ್ಕಳಿಲ್ಲದ ಆ ಮನುಷ್ಯ ಇಡೀ ಕೊಪ್ಪಲನ್ನೇ ಮಕ್ಕಳಂತೆ ಕಾಯುತ್ತಿದ್ದ ಎಂದರೆ ಹೊಗಳಿಕೆಯಲ್ಲ.

ಹೋಮ್‌ಸ್ಟೇಗೆ ಅವಳನ್ನು ಕರೆದುಕೊಂಡು ಹೋದವಳು ತನುಜಾ. ಅದೇ ಕೊಪ್ಪಲಿನವಳು, ಗಂಡ ತೀರಿಕೊಂಡ ಮೇಲೆ ಮಗಳು ಹೇಮಶ್ರೀಯನ್ನು ಒಬ್ಬಳೇ ಸಾಕಿ ಓದಿಸಿದವಳು, ಬಾಯಿ ಜೋರು, ನಗು ಅದಕ್ಕಿಂತ ಜೋರು. ಗಂಗಾಮಣಿಯನ್ನು ಗಂಗಕ್ಕ ಎಂದು ಕರೆಯುತ್ತಿದ್ದಳು. ಒಡಹುಟ್ಟಿದವರಿಗಿಂತ ಹೆಚ್ಚಾಗಿ ಇದ್ದರು ಇಬ್ಬರೂ. ಡಿಸೆಂಬರ್ ಕೊನೆಯಲ್ಲಿ ಹೋಮ್‌ಸ್ಟೇ ತುಂಬಿ ತುಳುಕುವಾಗ ಅಡುಗೆಗೆ ಕೈ ಸಾಲದೆ, ಅದರ ಒಡತಿ ಮಾನಸ ಹೇಳಿಕಳಿಸಿದ್ದಳು.

ಮಾನಸ ತನ್ನ ಕೈಯಾರೆ ವೈನು ಮಾಡಿ ಬಂದವರಿಗೆ ಕೊಡುತ್ತಿದ್ದಳು. ದ್ರಾಕ್ಷಿ, ಶುಂಠಿ, ನೇರಳೆ, ಹೀಗೆ ಒಂದೊಂದು ಶೀಶೆಗೂ ಒಂದೊಂದು ಬಣ್ಣ. ಹೊಸವರ್ಷದ ಗಲಾಟೆ ಮುಗಿದು ಕೊನೆಯ ಕಾರೂ ಗೇಟು ದಾಟಿದ ಮಧ್ಯಾಹ್ನ, ನೇರಳೆಯ ಶೀಶೆಯೊಂದರಲ್ಲಿ ಉಳಿದಿದ್ದನ್ನು ಎರಡು ಲೋಟಕ್ಕೆ ಬಗ್ಗಿಸಿ, “ತಗಳ್ಳಿ, ನೀವೂ ನೋಡಿ” ಎಂದಳು. ತನುಜಾ ಒಂದೇ ಗುಟುಕಿಗೆ ಎತ್ತಿ ಮುಖ ಕಿವುಚಿ, “ಅಯ್ಯಪ್ಪ, ಹುಣಸೆಹುಳಿ ಕಣಕ್ಕ ಇದು! ಇದಕ್ಕಾ ಜನ ಬೆಂಗಳೂರಿಂದ ಬತ್ತಾರೆ?” ಎಂದು ನಕ್ಕಳು.

ಗಂಗಾಮಣಿ ನಗಲಿಲ್ಲ. ಮೊದಲು ನಾಲಗೆಗೆ ಹುಳಿ ತಾಗಿತು. ಅದರ ಹಿಂದೆಯೇ ನೇರಳೆ ಬೀಜ ಕಚ್ಚಿದಾಗಿನ ಒಗರು. ನುಂಗಿದ ಮೇಲೆ ಗಂಟಲಿನಿಂದ ಮೇಲಕ್ಕೆ ಎದ್ದು ಬಂತು ನೋಡಿ ಒಂದು ವಾಸನೆ, ಅದು ಅವಳಿಗೆ ಗೊತ್ತಿದ್ದ ವಾಸನೆ. ಕೊಯ್ದ ಕಾಫಿ ಹಣ್ಣನ್ನು ಕಣದಲ್ಲಿ ಹರವಿದಾಗ, ಬಿಸಿಲಿಗೆ ಸಿಪ್ಪೆ ಸುಕ್ಕಾಗುವ ಹೊತ್ತಿಗೆ, ಸಂಜೆ ಕಣದಿಂದ ಏಳುವ ವಾಸನೆ ಅದು. ಸಿಹಿಯೂ ಅಲ್ಲ, ಕೊಳೆತದ್ದೂ ಅಲ್ಲ. ಚಿಕ್ಕಂದಿನಿಂದ ಅವಳು ಆ ಹೊತ್ತಿಗೆ ಏನಾದರೂ ನೆಪ ತೆಗೆದು ಕಣದ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಯಾರಿಗೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವಂಥ ವಿಷಯವಾದರೂ ಏನಿತ್ತು! ಈಗ ಯಾರೋ ಅದನ್ನು ಹಿಡಿದು ಲೋಟದಲ್ಲಿ ತುಂಬಿ ಕೊಟ್ಟಿದ್ದರು. ಅವಳ ಕಣ್ಣು ತುಂಬಿ ಬಂತು.

“ಏನಕ್ಕ, ನೆತ್ತಿಗೆ ಹತ್ತುತಾ?” ಎಂದಳು ತನುಜಾ.

“ಸುಮ್ಕಿರೇ” ಎಂದು ಗಂಗಾಮಣಿ ಲೋಟವನ್ನು ಮತ್ತೆ ಮೂಗಿಗೆ ಹಿಡಿದಳು. ಅವತ್ತಿಗೆ ಅವಳ ಕಥೆ ಮುಗಿಯಿತು. ಮನುಷ್ಯರ ಮೇಲೆ ಮನಸ್ಸಾದರೆ ನಾಲ್ಕು ಜನ ಬುದ್ಧಿ ಹೇಳುತ್ತಾರೆ. ಹುಳಿ ನೀರಿನ ಮೇಲೆ ಮನಸ್ಸಾದರೆ ಹೇಳುವವರು ಯಾರು?

ಮಾಡುವ ಕ್ರಮವನ್ನು ಮಾನಸಳಿಂದಲೇ ಕೇಳಿಕೊಂಡು ಬಂದಳು. ಹಣ್ಣು, ಸಕ್ಕರೆ, ಬೇಕರಿಯವರ ಈಸ್ಟು, ಒಂದು ಹಿಡಿ ಗೋಧಿ, ಒಂದಿಷ್ಟು ಚಕ್ಕೆ. ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿ, ದಿನಾ ಒಣ ಸೌಟಿನಲ್ಲಿ ತಿರುವಬೇಕು. ಮೊದಲ ಸಲ ದ್ರಾಕ್ಷಿ ಹಾಕಿದ್ದು ವಿನಿಗರ್ ಆಯಿತು. ಎರಡನೆಯದಕ್ಕೆ ಬೂಷ್ಟು ಬಂತು. ಸಂತೆಯಿಂದ ತಂದ ಅನಾನಸ್ ಪರವಾಗಿಲ್ಲ ಎನ್ನುವ ಹಾಗಾಯಿತು. ದೇವೇಂದ್ರ ಅದರ ಒಂದು ಹನಿಯನ್ನೂ ಮುಟ್ಟಲಿಲ್ಲ, ಬೇಡ ಎಂದೂ ಅನ್ನಲಿಲ್ಲ. “ನಿಂಗೂ ಹೊತ್ತು ಹೋಗ್ಬೇಕಲ್ಲ, ಮಾಡ್ಕಳೇ” ಎಂದಿದ್ದ. ಸೌದೆ ಕೊಟ್ಟಿಗೆಯಲ್ಲಿ ಹೆಂಡತಿ ಸಾಲಾಗಿ ಭರಣಿ ಇಟ್ಟುಕೊಂಡಿದ್ದು ನೋಡಿ, ಇವಳಿಗೇನೋ ಉಪ್ಪಿನಕಾಯಿ ಹುಚ್ಚು ಹಿಡಿದಂತಿದೆ ಎಂದು ನಕ್ಕಿದ್ದ. ಆದರೆ ಅವಳು ಹುಡುಕುತ್ತಿದ್ದ ಕಣದ ವಾಸನೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಅದು ಸಿಕ್ಕಿದ್ದು ಹಲಸಿನಲ್ಲಿ. ಈ ವರ್ಷ ಬೇಸಿಗೆಯಲ್ಲಿ, ಕಣ್ತಪ್ಪಿ ಮರದಲ್ಲೇ ಉಳಿದು, ಬೇಲಿಯ ಬುಡದಲ್ಲಿ ತಾನಾಗಿ ಬಿದ್ದು ಒಡೆದಿದ್ದ ಒಂದು ಬಿಳುವ ಹಣ್ಣಿನ ಮುಂದೆ ಅವಳು ಬಗ್ಗಿ ನಿಂತಳು. ಬಿಳುವ ಎಂದರೆ ತೊಳೆ ಲೊಳಲೊಳ ಎನ್ನುವ ಜಾತಿ, ತಿನ್ನುವವರು ಕಡಿಮೆ. ಬಿಸಿಲಿಗೆ ಅದು ಆಗಲೇ ಹುಳಿಯಲು ಶುರುವಾಗಿತ್ತು. ಮೂಗಿಗೆ ಆ ವಾಸನೆ ಬಡಿದಾಗ ಅವಳ ಮೈ ಜುಂ ಎಂದಿತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಸಕಲೇಶಪುರ, ಆಲೂರು ಸೀಮೆಯಲ್ಲಿ ಈಗ ಹಲಸು ಹಣ್ಣಾಗುವುದಕ್ಕೆ ಬಿಡುವುದಿಲ್ಲ. ಹಣ್ಣಾದರೆ ಆನೆ ಬರುತ್ತದೆ. ಎಷ್ಟು ದೂರದಿಂದ ವಾಸನೆ ಹಿಡಿಯುತ್ತದೋ ಆ ದೇವರಿಗೇ ಗೊತ್ತು. ಬಂದರೆ ಬೇಲಿ, ಗೋಡೆ, ಮನುಷ್ಯ ಯಾವುದೂ ಅದಕ್ಕೆ ಲೆಕ್ಕವಿಲ್ಲ. ಆದ್ದರಿಂದ ಬೇಸಿಗೆ ಬಂತೆಂದರೆ ಮರ ಹತ್ತಿ ಎಳೆಗಾಯಿ ಇರುವಾಗಲೇ ಇಳಿಸಿ, ಗುಂಡಿ ತೋಡಿ ಮುಚ್ಚುತ್ತಾರೆ. ಅದನ್ನು ಮೈಕಿನಲ್ಲಿ ಊರೂರಿಗೆ ಕೂಗಿಕೊಂಡು ಹೋಗುವವನು ಬೇರೆ ಯಾರೂ ಅಲ್ಲ, ದೇವೇಂದ್ರನೇ. “ಹಲಸಿನ ಕಾಯಿ ಇಳಿಸಿ, ಮನೆ ಹತ್ರ ಹಣ್ಣು ಇಟ್ಕಬೇಡಿ” ಎಂದು ಜೀಪಿನಲ್ಲಿ ಕೂಗುತ್ತಾ ಅವನು ತನ್ನ ಮನೆಯ ಮುಂದೆಯೂ ಹಾದುಹೋಗುತ್ತಿದ್ದ. ಆಗ ಕೊಟ್ಟಿಗೆಯೊಳಗೆ, ಕಾಫಿ ಹೊಟ್ಟಿನ ಚೀಲಗಳ ಮರೆಯಲ್ಲಿ ಅವನ ಹೆಂಡತಿ ಹಲಸಿನ ಹಣ್ಣು ಬಿಡಿಸುತ್ತಾ ಕೂತಿರುತ್ತಿದ್ದಳು.

ಹಣ್ಣು ತಂದುಕೊಡುತ್ತಿದ್ದವಳು ತನುಜಾ. ಎಸ್ಟೇಟಿನ ಒಳಗೆ ಎತ್ತರದ ಮರಗಳಲ್ಲಿ ಅಲ್ಲೊಂದು ಇಲ್ಲೊಂದು ಕಣ್ತಪ್ಪಿ ಉಳಿದ ಹಣ್ಣು ಬಿದ್ದಿರುತ್ತಿತ್ತು. ಚೀಲದಲ್ಲಿ ಸುತ್ತಿ, ಮೇಲೆ ಸೊಪ್ಪು ಮುಚ್ಚಿ ಹೊತ್ತುಕೊಂಡು ಬರುತ್ತಿದ್ದಳು. “ನಿನ್ ಗಂಡಂಗೆ ಗೊತ್ತಾದ್ರೆ ಇಬ್ರುನ್ನೂ ಜೀಪಿಗೆ ಹಾಕ್ಕಂಡ್ ಹೋಯ್ತಾನೆ ಕಣಕ್ಕ” ಎಂದು ನಗುತ್ತಲೇ ಚೀಲ ಇಳಿಸುತ್ತಿದ್ದಳು.

“ಅವ್ರಿಗ್ಯಾಕೆ ಗೊತ್ತಾಯ್ತದೆ? ಅನಾನಸ್ಸು ಅಂದಿದೀನಿ” ಎನ್ನುತ್ತಿದ್ದಳು ಗಂಗಾಮಣಿ.

ಮೊದಲ ಭರಣಿಯದನ್ನು ಸೋಸಿದ ದಿನ ಇಬ್ಬರೂ ಕೊಟ್ಟಿಗೆಯಲ್ಲಿ ಕೂತು ರುಚಿ ನೋಡಿದರು. ಎಳೆ ಬಿಸಿಲಿನ ಬಣ್ಣ ಬಂದಿತ್ತು ಅದಕ್ಕೆ. ನಾಲಗೆಯ ಮೇಲೆ ಹುಳಿ, ಅಂಚಿನಲ್ಲಿ ಜೇನು, ನುಂಗಿದ ಮೇಲೆ ಮೂಗಿನಲ್ಲಿ ಕಾಫಿ ಕಣ. ಹುಣಸೆಹುಳಿ ಎಂದು ನಕ್ಕಿದ್ದ ತನುಜಾ ಈ ಸಲ ಲೋಟ ನೆಕ್ಕಿ, “ಇದು ಬುಡಕ್ಕ, ಇದು ಬೇರೆ ಐತೆ. ನನ್ ಪಾಲು ಎತ್ತಿಡು” ಎಂದಳು. ಗಂಗಾಮಣಿಗೆ ತನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ಅನ್ನ ಸಾರು ಮಾಡಿದ್ದಕ್ಕೆ ಯಾರಾದರೂ ಹೆಂಗಸನ್ನು ಹೊಗಳುತ್ತಾರೆಯೇ? ಇದು ಅವಳೊಬ್ಬಳದೇ ಆದದ್ದು, ಅವಳ ಮೂಗು ಹುಡುಕಿ ತೆಗೆದದ್ದು. ಆ ಸಂತೋಷಕ್ಕೆ ಅವಳು ಇನ್ನಷ್ಟು ಭರಣಿ ತುಂಬಿದಳು.

ಜೂನ್ ಬಂತು. ಹೊಗೆಯಂಥ ಮಂಜು ಗುಡ್ಡದಿಂದ ಇಳಿದು ಬೆಳಗ್ಗೆ ಅಂಗಳದ ಕಟ್ಟೆಯನ್ನೂ ಕಾಣದಂತೆ ಮಾಡುತ್ತಿತ್ತು. ಆ ಹೊತ್ತಿನಲ್ಲೇ ಮೋಟುಬಾಲ ಈ ಕಡೆ ಬಂದಿದೆ ಎಂಬ ಸುದ್ದಿ ಹುಟ್ಟಿತು. ಮೋಟುಬಾಲ ಒಂಟಿ ಸಲಗ. ಬಾಲದ ತುದಿ ಯಾವುದೋ ಕಾಳಗದಲ್ಲಿ ತುಂಡಾಗಿದ್ದಕ್ಕೆ ಜನ ಇಟ್ಟ ಹೆಸರು. ಯಸಳೂರು ಕಡೆ ಒಂದು ಮನೆಯ ಗೋಡೆ ಒಡೆದು ಅಕ್ಕಿ ತಿಂದಿತ್ತು ಎನ್ನುತ್ತಿದ್ದರು. ಕೊಪ್ಪಲಿನಲ್ಲಿ ಏನಿದೆ ಎಂದು ಅದು ಇಲ್ಲಿ ಸುತ್ತುತ್ತಿದೆಯೋ ಯಾರಿಗೂ ಅರ್ಥವಾಗಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಬಂದ ದೇವೇಂದ್ರ ತಟ್ಟೆಯಲ್ಲಿ ಕೈ ಆಡಿಸುತ್ತಾ ಕೂತ.

“ಲದ್ದಿ ನೋಡ್ದೆ ಕಣೇ. ಹಲಸಿನ ಸಿಪ್ಪೆ ಐತೆ ಅದ್ರಲ್ಲಿ. ಎಲ್ಲಾರ ಮರಾನೂ ನಾನೇ ನಿಂತ್ಕಂಡು ಇಳಿಸಿದೀನಿ. ಎಲ್ಲಿ ಸಿಗ್ತು ಇದುಕ್ಕೆ?”

ಸಿಪ್ಪೆಯನ್ನೆಲ್ಲ ಗಂಗಾಮಣಿ ಮನೆಯ ಹಿಂದಿನ ಗೊಬ್ಬರದ ಗುಂಡಿಯಲ್ಲಿ ಹಾಕಿ ಮೇಲೆ ಸೊಪ್ಪು ಮುಚ್ಚುತ್ತಿದ್ದಳು. ಒಂದು ದಿನ ಗುಂಡಿ ಕೆದರಿದ್ದು ಕಂಡು ಹಂದಿ ಎಂದುಕೊಂಡಿದ್ದಳು. ಹಂದಿಯೇ ಇರಲಿ ಎಂದು ಬಯಸಿದ್ದಳು ಎನ್ನುವುದು ಹೆಚ್ಚು ಸರಿ.

“ಎಸ್ಟೇಟೊಳಗೆ ಎಲ್ಲೋ ಬಿದ್ದಿರ್ಬೇಕು ಬುಡಿ” ಎಂದಳು.

“ಇಲ್ಲ, ಇಲ್ಲೇ ಯಾರೋ ಇಟ್ಕಂಡವ್ರೆ. ರುಚಿ ಬುಡಕ್ಕಾಗಲ್ಲ ನೋಡು ಜನಕ್ಕೆ. ಒಂದ್ಸಲ ಇಲ್ಲಿ ಸಿಗ್ತದೆ ಅಂತ ಗೊತ್ತಾಯ್ತಾ, ಅದು ಮತ್ತೆ ಮತ್ತೆ ಬತ್ತದೆ. ಯಾರ್ದೋ ಜೀವ ಹೋಗ್ಬುಡ್ತದೆ ಗಂಗಾ. ಬೆಳಗ್ಗೆ ಹೆಣ್ಮಕ್ಕಳು ಓಡಾಡೋ ದಾರಿ ಇದು.”

ಅವನು ಹೇಳಿದ್ದು ಅಷ್ಟೆ. ಗುಡ್ಡದ ದಾರಿಯಲ್ಲಿ ದಿನಾ ಎಲ್ಲರಿಗಿಂತ ಮುಂದೆ ಹೋಗುವವಳು ತನುಜಾ. ಹೋಗುವ ಮುಂಚೆ ಇವಳ ಮನೆಯಲ್ಲಿ ನಿಂತು ಕಾಫಿ ಕುಡಿದು, ಹರಟೆ ಹೊಡೆದು ಹೋಗಬೇಕು ಎಂದು ಉಳಿದವರಿಗಿಂತ ಬೇಗ ಹೊರಡುವ ಅಭ್ಯಾಸ ಅವಳದು. ಇದೆಲ್ಲ ಗಂಗಾಮಣಿಗೆ ಹೊಸದಾಗಿ ಗೊತ್ತಾಗಬೇಕಾಗಿರಲಿಲ್ಲ. ಗೊತ್ತಿದ್ದೂ ಅವಳು ಕೊಟ್ಟಿಗೆಗೆ ಹೋಗಿ, ಭರಣಿಯ ಬಟ್ಟೆ ಬಿಚ್ಚಿ, ಒಳಗೆ ಗುಳುಗುಳು ಎನ್ನುತ್ತಿದ್ದ ಹಣ್ಣಿನ ಮೇಲೆ ಬಗ್ಗಿ ಉಸಿರೆಳೆದುಕೊಂಡಳು. ಇನ್ನೊಂದು ವಾರ ಬಿಟ್ಟರೆ ಇದು ಪಕ್ವಕ್ಕೆ ಬರುತ್ತದೆ ಎಂದು ಅವಳ ಮನಸ್ಸು ಲೆಕ್ಕ ಹಾಕಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಎಲ್ಲವನ್ನೂ ಇವತ್ತೇ ಚೆಲ್ಲಿಬಿಡುತ್ತೇನೆ ಎಂದು ಗಟ್ಟಿಮನಸ್ಸು ಮಾಡಿದಳು.

ಚೆಲ್ಲಿದ್ದು ನಿಜ. ತಪ್ಪಾದದ್ದೂ ಅಲ್ಲೇ. ಇನ್ನೂ ಹುಳಿಯುತ್ತಿದ್ದ ಭರಣಿಗಳನ್ನು ಸಂಜೆ ಹೊತ್ತಿಗೆ ಒಂದೊಂದಾಗಿ ಹೊತ್ತುಕೊಂಡು ಹೋಗಿ, ತೊಳೆ, ಗಸಿ, ನೀರು ಎಲ್ಲವನ್ನೂ ಆ ಗೊಬ್ಬರದ ಗುಂಡಿಗೆ ಬಗ್ಗಿಸಿ, ಮೇಲೆ ಸಗಣಿ ಎಳೆದು ಸೊಪ್ಪು ಹಾಕಿದಳು. ಮುಚ್ಚಿದೆ ಎಂದುಕೊಂಡಳು. ಅಷ್ಟು ದಿನ ಭರಣಿಯೊಳಗೆ, ಕಾಫಿ ಹೊಟ್ಟಿನ ಹಿಂದೆ ಅಡಗಿಕೊಂಡಿದ್ದ ವಾಸನೆಯನ್ನು ಬಿಚ್ಚಿ ಇಡೀ ಗುಡ್ಡಕ್ಕೆ ಹರಡಿದ ಹಾಗಾಯಿತು ಎಂದು ಅವಳಿಗೆ ಹೊಳೆಯಲಿಲ್ಲ. ಹೊಳೆಯದೆ ಇರುವಷ್ಟು ಪೆದ್ದಿಯೂ ಅಲ್ಲ ಅವಳು. ಆದರೆ ಅವಸರದಲ್ಲಿದ್ದಳು, ಅಳುತ್ತಿದ್ದಳು. ಮೊದಲು ಸೋಸಿಟ್ಟಿದ್ದ, ತಿಳಿಯಾಗಿ ನಿಂತಿದ್ದ ಒಂದು ಭರಣಿಯನ್ನು ಮಾತ್ರ ಚೆಲ್ಲಲು ಕೈ ಬರಲಿಲ್ಲ. ಅದನ್ನು ಒಳಮನೆಯ ಅಟ್ಟಕ್ಕೆ ಏರಿಸಿದಳು.

ಮರುದಿನ ಬೆಳಕು ಹರಿಯುತ್ತಿದ್ದಂತೆ ಹಿತ್ತಲಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ಗುಂಡಿ ಬಗೆದು ಹೋಗಿತ್ತು. ಸಗಣಿ ಅಂಗಳದ ತನಕ ಎರಚಿತ್ತು. ಮಣ್ಣಿನಲ್ಲಿ ಮರದ ಬೋಗುಣಿಯಷ್ಟು ಅಗಲದ ಹೆಜ್ಜೆಗಳು, ಅದರೊಳಗೆ ಇನ್ನೂ ಕಲಕಿದ ನೀರು. ನೀರು ತಿಳಿಯಾಗಿಲ್ಲ ಎಂದರೆ ಅದು ಹೋಗಿ ಬಹಳ ಹೊತ್ತಾಗಿಲ್ಲ. ಹೆಜ್ಜೆಗಳು ಗುಡ್ಡದ ದಾರಿ ಹತ್ತಿ ಮಂಜಿನಲ್ಲಿ ಮರೆಯಾಗಿದ್ದವು.

ಅಷ್ಟರಲ್ಲಿ ರಾತ್ರಿ ಕಾವಲಿಗೆ ಹೋಗಿದ್ದವನ ಫೋನು ಬಂತು. ದೇವೇಂದ್ರ.

“ಗಂಗಾ, ಕೆಳಗೆ ಹಳ್ಳದ ದಾರೀಲಿ ಮರಿ ಹಾಕ್ಕಂಡಿರೋ ಗುಂಪು ನಿಂತೈತೆ, ಹೆಂಗಸ್ರನ್ನ ಆ ಕಡೆ ಬುಡಕ್ಕಾಗಲ್ಲ. ಗುಡ್ಡದ ದಾರೀಲೇ ಹೋಗಿ ಅಂತ ಹೇಳ್ಬೇಕು. ಮೋಟುಬಾಲ ನಿನ್ನೆ ಸಂಜೆಯಿಂದ ಕಣ್ಣಿಗೆ ಬಿದ್ದಿಲ್ಲ. ನಮ್ಮನೆ ಹತ್ರ ಏನಾರ ಬಂದಿತ್ತಾ? ಹಿತ್ಲು ನೋಡಿ ಹೇಳು.”

ಅವಳು ಹಿತ್ತಲಲ್ಲೇ ನಿಂತಿದ್ದಳು. ಹೌದು ಎಂದರೆ ಅವನು ಓಡಿ ಬರುತ್ತಾನೆ. ಜೊತೆಗೆ ತಂಡದವರೆಲ್ಲ ಬರುತ್ತಾರೆ. ಗುಂಡಿ ನೋಡುತ್ತಾರೆ, ತೊಳೆ ನೋಡುತ್ತಾರೆ. ಹಲಸು ಇಳಿಸಿ ಎಂದು ಊರಿಗೆಲ್ಲ ಕೂಗಿದವನ ಮನೆಯಲ್ಲೇ! ಅವನ ಮರ್ಯಾದೆ, ಅವನ ಕೆಲಸ, ಅವನು ತನ್ನನ್ನು ನೋಡುವ ಆ ನೋಟ, ಎಲ್ಲ ಒಂದೇ ಸಲ ಅವಳ ಕಣ್ಮುಂದೆ ಬಂದವು. ಗುಂಡಿಯ ಮೇಲೆ ಒಂದಿಷ್ಟು ಮಣ್ಣು ಎಳೆದು, ಹೆಜ್ಜೆ ಅಳಿಸಿ, ದಾರಿಯ ಬಾಯಿಗೆ ಹೋಗಿ ನಿಂತು ಹೆಂಗಸರನ್ನು ತಾನೇ ತಡೆದರಾಯಿತು. ಆನೆ ಈಗ ಕಂಡಿತು ಎಂದರಾಯಿತು. ತನುಜಾ ಹೇಗಿದ್ದರೂ ಕಾಫಿಗೆ ಬರುತ್ತಾಳಲ್ಲ, ಒಳಗೆ ಕೂರಿಸಿಕೊಂಡರಾಯಿತು.

“ಇಲ್ಲ ಕಣ್ರೀ. ಏನೂ ಬಂದಿಲ್ಲ” ಎಂದಳು.

“ಸರಿ ಹಂಗಾರೆ” ಎಂದು ಅವನು ಫೋನಿಟ್ಟ. ಗುಡ್ಡದ ದಾರಿಯಲ್ಲೇ ಹೋಗಿ ಎಂಬ ಅವನ ಮಾತು ಆಗಲೇ ಊರವರ ಫೋನುಗಳಿಗೆ ಹೋಯಿತು.

ಗುದ್ದಲಿ ಹಿಡಿದು ಗುಂಡಿಗೆ ಮಣ್ಣು ಎಳೆಯತೊಡಗಿದಳು. ಬೇಗ ಬೇಗ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬಾಗಿಲ ಕಡೆಯಿಂದ ತನುಜಾ “ಗಂಗಕ್ಕಾ” ಎಂದು ಕೂಗಿದ್ದು ಕೇಳಿಸಿತು. ಗಂಗಾಮಣಿ ಗುದ್ದಲಿ ಬಿಟ್ಟು ಓಡಬೇಕಿತ್ತು. ಆದರೆ ತನುಜಾ ಹಿತ್ತಲಿಗೆ ಬಂದು ನೋಡಿದರೆ ಎಂಬ ಭಯಕ್ಕೆ ಉಸಿರು ಬಿಗಿಹಿಡಿದು ನಿಂತಳು. ಕೈ ತೊಳೆದುಕೊಂಡು ಹೋಗೋಣ, ಅಷ್ಟರಲ್ಲಿ ಒಳಗೆ ಬಂದು ಕೂತಿರುತ್ತಾಳೆ ಎಂದುಕೊಂಡಳು. ತೊಟ್ಟಿಯ ನೀರಿನಲ್ಲಿ ಕೈ ಅದ್ದಿ ಮುಂಬಾಗಿಲಿಗೆ ಬರುವಷ್ಟರಲ್ಲಿ ಅಂಗಳ ಖಾಲಿಯಾಗಿತ್ತು. ಯಾರೂ ಓಗೊಡದಿದ್ದಕ್ಕೆ ಇವತ್ತು ಗಂಗಕ್ಕ ಎಲ್ಲೋ ಹೋಗಿದ್ದಾಳೆ ಎಂದುಕೊಂಡು ತನುಜಾ ಗುಡ್ಡ ಹತ್ತಿದ್ದಳು.

“ತನುಜಾ! ಹೋಗ್ಬ್ಯಾಡ ಕಣೇ, ವಾಪಸ್ ಬಾರೇ!” ಎಂದು ಕಿರುಚಿಕೊಂಡು ಗಂಗಾಮಣಿ ದಾರಿಗೆ ಓಡಿದಳು. ಮಂಜಿನೊಳಗಿಂದ ಮೊದಲು ಕೊಂಬೆ ಮುರಿದ ಸದ್ದು ಬಂತು. ಆಮೇಲೆ ಆನೆ ಘೀಳಿಟ್ಟಿತು. ತನುಜಾಳ ದನಿ ಕೇಳಿಸಲೇ ಇಲ್ಲ.

ಮುಂದಿನದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಜೀಪುಗಳು ಬಂದವು, ರಸ್ತೆಯಲ್ಲಿ ಜನ ಕೂತರು, ಅಧಿಕಾರಿಗಳು ಕೈ ಮುಗಿದರು, ಪರಿಹಾರದ ಮಾತಾಯಿತು. ಸಕಲೇಶಪುರದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೇಮಶ್ರೀ ಬಂದು ತಾಯಿಯ ಮುಖ ನೋಡಬೇಕೆಂದು ಹಟ ಹಿಡಿದಳು. ನೋಡುವಂತಿರಲಿಲ್ಲ ಎಂದು ಬಿಡಲಿಲ್ಲ. ಆ ಗಲಾಟೆಯಲ್ಲಿ ಕಾಲುತುಳಿತಕ್ಕೆ ಹಿತ್ತಲಿನ ಹೆಜ್ಜೆಗಳೂ ಅಳಿಸಿಹೋದವು. ಗುಂಡಿಯ ಕಡೆ ಯಾರೂ ತಿರುಗಿಯೂ ನೋಡಲಿಲ್ಲ.

ಗಂಗಾಮಣಿ ಸಿಕ್ಕಿಬೀಳಲಿಲ್ಲ. ಅವಳ ಬದಲಿಗೆ ಸಿಕ್ಕಿಬಿದ್ದವನು ದೇವೇಂದ್ರ. ಗುಡ್ಡದ ದಾರಿಯಲ್ಲಿ ಹೋಗಿ ಎಂದು ಹೇಳಿದ್ದು ಅವನು ತಾನೆ? ಯಾಕೆ ಹೇಳಿದೆ ಎಂದು ಮೇಲಿನವರು ಕೇಳಿದರು, ಊರವರು ಕೇಳಿದರು. “ನನ್ ತಪ್ಪು, ಸರಿಯಾಗಿ ನೋಡ್ಲಿಲ್ಲ” ಎಂದ. ಮನೆಯಿಂದ ಕೇಳಿ ತಿಳಿದುಕೊಂಡೆ ಎಂದು ಒಬ್ಬರ ಮುಂದೆಯೂ ಬಾಯಿ ಬಿಡಲಿಲ್ಲ. ಮನೆಯಲ್ಲಿ ಕೂತು ಒಬ್ಬನೇ ಗೊಣಗುತ್ತಿದ್ದ. “ನಿನ್ ಕಣ್ಣಿಗೂ ಬಿದ್ದಿಲ್ಲ ಅಂದ್ರೆ ಅದು ಆಕಾಶದಿಂದ ಇಳೀತಾ? ನಾನೇ ಒಂದ್ಸಲ ಬಂದು ನೋಡ್ಬೇಕಿತ್ತು.” ತಟ್ಟೆಗೆ ಹಾಕಿದ ಅನ್ನ ಹಾಗೇ ಇರುತ್ತಿತ್ತು. ಮೈಕು ಹಿಡಿಯುವ ಕೆಲಸ ಬೇಡ ಎಂದು ಬಿಟ್ಟ. ಆ ಗಟ್ಟಿಮುಟ್ಟಾದ ಆಳು ಕೆಲವೇ ದಿನಕ್ಕೆ ಜಗಲಿಯ ಕಂಬಕ್ಕೆ ಒರಗಿದ ಮುದುಕನಾದ.

ಹೇಳಿಬಿಡಬೇಕು ಎಂದು ಅವಳು ಎಷ್ಟೋ ಸಲ ಅವನ ಎದುರು ಹೋಗಿ ನಿಂತಳು. “ನೀರು ಬೇಕಾ?” ಎಂದು ಕೇಳಿ ವಾಪಸ್ಸು ಬಂದಳು. ತಾನು ಹೇಳದೆ ಇದ್ದರೆ ಇವನು ಹೀಗೇ ಒಳಗೊಳಗೇ ಸವೆದು ಸಾಯುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು.

ಹನ್ನೊಂದನೆಯ ದಿನ ತಿಥಿ. ಹಿಂದಿನ ಸಂಜೆ ಹೇಮಶ್ರೀ ಬಂದಳು. ಅತ್ತು ಅತ್ತು ಕಣ್ಣು ಬಾವುಗೊಂಡಿತ್ತು.

“ದೊಡ್ಡಮ್ಮ, ನಾಳೆ ಎಡೆ ಇಡ್ಬೇಕಲ್ಲ. ಅಮ್ಮಂಗೆ ಇಷ್ಟವಾದ್ದೆಲ್ಲ ಇಡ್ಬೇಕು ಅಂತ ಮಾವ ಅಂದ್ರು. ನೀವು ಮಾಡೋ ವೈನು ಅಂದ್ರೆ ಅಮ್ಮಂಗೆ ಪ್ರಾಣ. ಫೋನಲ್ಲಿ ಯಾವಾಗ್ಲೂ ಹೇಳೋರು. ಒಂಚೂರು ಇದ್ರೆ ಕೊಡ್ತೀರಾ?”

ಜಗಲಿಯಲ್ಲಿ ಕೂತಿದ್ದ ದೇವೇಂದ್ರನೇ ತಲೆಯೆತ್ತಿ, “ಇದ್ರೆ ಕೊಡು ಗಂಗಾ. ಮಗು ಕೇಳ್ತಾ ಐತೆ” ಎಂದ. ಇಲ್ಲ ಎನ್ನಬಹುದಿತ್ತು. ಹಿಂದೊಮ್ಮೆ ಇಲ್ಲ ಎಂದ ನಾಲಗೆ ಈ ಸಲ ಏಳಲಿಲ್ಲ. ಸತ್ತವಳ ಪಾಲನ್ನು ಅವಳ ಮಗಳಿಗೆ ಕೊಡುವುದಿಲ್ಲ ಎಂದು ಹೇಗೆ ಹೇಳುವುದು? ಅಟ್ಟದಿಂದ ಭರಣಿ ಇಳಿಸಿ, ಒಂದು ಶೀಶೆಗೆ ತುಂಬಿ ಕೊಟ್ಟಳು.

ಮರುದಿನ ತನುಜಾಳ ಮನೆಯಲ್ಲಿ ಫೋಟೋದ ಮುಂದೆ ಬಾಳೆಲೆ ಹಾಸಿ ಎಡೆ ಬಡಿಸಿದರು. ಮುದ್ದೆ, ಕೋಳಿ ಸಾರು, ಒಬ್ಬಟ್ಟು, ಕಾಫಿ, ಪಕ್ಕದಲ್ಲಿ ಲೋಟದ ತುಂಬ ವೈನು. ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಎಲ್ಲರೂ ಅಂಗಳದಲ್ಲಿ ನಿಂತರು. ಆಗ ತನುಜಾಳ ಅಣ್ಣ ಕರಿಯಪ್ಪ ತಡೆಯಲಾರದೆ ದೇವೇಂದ್ರನ ಕಡೆ ತಿರುಗಿದ. “ಏನ್ ಕಾವಲು ಕಾಯ್ದೆ ಮಾರಾಯ ನೀನು? ನನ್ ತಂಗೀನ ನೀನೇ ಕಳಿಸ್ಬುಟ್ಟೆ ಆನೆ ಬಾಯಿಗೆ” ಎಂದ. ದೇವೇಂದ್ರ ಜನರ ನಡುವೆ ಕೈ ಮುಗಿದು, “ಹೌದು ಕರಿಯಣ್ಣ, ನಂದೇ ತಪ್ಪು” ಎಂದ. ಗಂಗಾಮಣಿ ನೆಲ ನೋಡುತ್ತಾ ನಿಂತಿದ್ದಳು.

ಬಾಗಿಲು ತೆಗೆದರು. ಎಡೆಯನ್ನು ಪ್ರಸಾದವೆಂದು ಮನೆಯವರಿಗೂ ಹತ್ತಿರದವರಿಗೂ ಹಂಚುವುದು ಪದ್ಧತಿ. ಹೇಮಶ್ರೀ ವೈನಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೇರ ಗಂಗಾಮಣಿಯ ಹತ್ತಿರ ಬಂದು, “ಮೊದ್ಲು ನೀವು ತಗಳ್ಳಿ ದೊಡ್ಡಮ್ಮ. ಅಮ್ಮ ಇದ್ದಿದ್ರೆ ನಿಮ್ಗೇ ಕೊಡ್ತಿದ್ರು” ಎಂದಳು.

ಅವಳು ಒಂದು ಗುಟುಕು ಕುಡಿದಳು. ಹುಳಿ ತಗ್ಗಿ, ಜೇನು ಮುಂದೆ ಬಂದು, ಗಂಟಲಿನಿಂದ ಕಾಫಿ ಕಣದ ವಾಸನೆ ತುಂಬಿಕೊಂಡು ಎದ್ದಿತು. ಅವಳು ಮಾಡಿದ್ದರಲ್ಲೆಲ್ಲ ಇದರಷ್ಟು ಚೆನ್ನಾದದ್ದು ಇನ್ನೊಂದಿರಲಿಲ್ಲ. ಆ ಸಾವಿನ ಮನೆಯಲ್ಲಿ, ಗಂಡ ಕೈ ಮುಗಿದು ನಿಂತಿರುವಾಗ, ಅವಳ ಮನಸ್ಸು ಆಹಾ ಎಂದಿತು. ಅದು ಗೊತ್ತಾಗಿ ಅವಳು ಲೋಟವನ್ನು ಅವಸರದಲ್ಲಿ ಪಕ್ಕಕ್ಕೆ ಚಾಚಿದಳು.

ಲೋಟ ಕರಿಯಪ್ಪನ ಕೈಗೆ ಹೋಯಿತು. ಅವನು ಒಂದು ಗುಟುಕು ಕುಡಿದು, ಬಾಯಿ ಚಪ್ಪರಿಸಿ, ಮತ್ತೆ ಮೂಸಿ ನೋಡಿ, “ಇದು ಹಲಸಿಂದಲ್ವಾ?” ಎಂದ.

ಒಂದು ಹಣ್ಣೂ ಉಳಿಯದಂತೆ ಇಳಿಸಿದ್ದ ಊರು ಅದು. ದೇವೇಂದ್ರ ಮೆಲ್ಲನೆ ಬಂದು ಕರಿಯಪ್ಪನ ಕೈಯಿಂದ ಲೋಟ ತೆಗೆದುಕೊಂಡ. ಎಂದೂ ಮುಟ್ಟದವನು ಅದನ್ನು ಮೂಗಿಗೆ ಹಿಡಿದು ಮೂಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

“ಗಂಗಾ, ಅವತ್ತು ಬೆಳಗ್ಗೆ ಬಂದಿತ್ತಾ?”

ಹೇಮಶ್ರೀ ಇಬ್ಬರ ಮುಖವನ್ನೂ ನೋಡುತ್ತಿದ್ದಳು.

“ಬಂದಿತ್ತು” ಎಂದಳು ಗಂಗಾಮಣಿ. ಅವಳ ಬಾಯಲ್ಲಿ ಆ ರುಚಿ ಇನ್ನೂ ಇತ್ತು.